ಅಕ್ಕಸಾಲಿ ಮನೆಯ ಕಡಲ ಹೂವು

ತೊಂಬತ್ತೇಳನೆಯ ಇಸವಿಯ ವೈಶಾಖದಲ್ಲಿ ನಾಗಮಂಗಲದ ಅಕ್ಕಸಾಲಿ ಲಕ್ಷ್ಮಣಾಚಾರಿಯ ಮನೆಗೆ ಸೊಸೆ ಬಂದಳು. ಅವಳ ಜೊತೆಗೆ ಒಂದು ಬಿಳಿ ಬಕೆಟ್ಟೂ ಬಂತು.

ಮದುವೆ ಹುಡುಗಿಯ ಊರಾದ ಮಲ್ಪೆಯಲ್ಲೇ ಆಗಿತ್ತು. ದಿಬ್ಬಣದ ವ್ಯಾನು ಘಾಟಿ ಹತ್ತಿ, ಹಾಸನ ದಾಟಿ, ಬೆಳ್ಳೂರು ಕ್ರಾಸಿನಲ್ಲಿ ತಿರುಗಿ ಊರು ಸೇರುವ ತನಕ ಕೀರ್ತನ ಆ ಬಕೆಟ್ಟನ್ನು ಕಾಲುಗಳ ನಡುವೆ ಇಟ್ಟುಕೊಂಡು, ತಿರುವು ಬಂದಾಗಲೆಲ್ಲ ಮುಚ್ಚಳವನ್ನು ಎರಡೂ ಕೈಯಲ್ಲಿ ಅದುಮಿ ಕೂತಿದ್ದಳು. ಹೊಸ ಸೀರೆಯ ಅಂಚು ಒದ್ದೆಯಾಗಿತ್ತು. ಬೀಗರು ಕೊಟ್ಟ ಉಪ್ಪಿನಕಾಯಿ ಇರಬೇಕು ಎಂದುಕೊಂಡ ಲಕ್ಷ್ಮಣಾಚಾರಿ, ಇಷ್ಟು ಜೋಪಾನ ಮಾಡುವ ಹುಡುಗಿ ಮನೆಯನ್ನೂ ಚೆನ್ನಾಗಿ ನಡೆಸಿಯಾಳು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ.

ಹೊಸಿಲ ಮೇಲಿನ ಸೇರಕ್ಕಿ ಒದ್ದು ಒಳಗೆ ಬಂದ ಸೊಸೆ ಅತ್ತೆಗೆ ನಮಸ್ಕಾರ ಮಾಡಿ ಎದ್ದವಳೇ ಕೇಳಿದಳು: "ಅತ್ತೆ, ಇದನ್ನು ಸ್ವಲ್ಪ ತಂಪಿನಲ್ಲಿ ಇಡಬೇಕಿತ್ತು. ಜಾಗ ಉಂಟಾ?"

"ಏನವ್ವ ಅದು?" ಎಂದಳು ದೊಡ್ಡತಾಯಮ್ಮ.

"ಕಡಲ ಹೂವು."

ದೊಡ್ಡತಾಯಮ್ಮನ ಕಿವಿಗೆ ಅದು ಕಡಲೆ ಹೂವು ಎಂದೇ ಬಿತ್ತು. ಪಕ್ಕದ ಮನೆಯ ಮಾಯಮ್ಮನ ಕಡೆ ತಿರುಗಿ, "ಕಡ್ಲೆ ಊವ ಬಕೀಟ್ನಾಗೆ ತುಂಬ್ಕಂಡು ಬಂದವ್ಳಲ್ಲ ಕಣಮ್ಮಿ. ನಮ್ಮ ದೇವ್ಲಾಪುರದ ಕಡೀಕೋದ್ರೆ ಒಲದ ತುಂಬಾ ಬುಟ್ಟಿರ್ತದೆ" ಎಂದಳು.

ಮಾಯಮ್ಮ ತಡೆಯಲಾರದೆ ಮುಚ್ಚಳ ತೆಗೆದಳು. ತಳದಲ್ಲಿ ಬೊಗಸೆಯಷ್ಟು ದೊಡ್ಡ ಕಲ್ಲು. ಕಲ್ಲಿನ ನೆತ್ತಿಯ ಮೇಲೆ ಹಸಿರು ಬೆರೆತ ಕಂದು ಬಣ್ಣದ ಒಂದು ಮೆತ್ತನೆ ಮುದ್ದೆ. ಅದರ ಸುತ್ತ ಸಣ್ಣ ಬೆರಳುಗಳಂಥ ಎಸಳುಗಳು ನೂರಾರು, ತುದಿಯಲ್ಲಿ ತಿಳಿ ನೇರಳೆ, ನೀರು ಅಲುಗಿದ ಕಡೆಗೆಲ್ಲ ಅಲುಗುತ್ತಿದ್ದವು. ಮಾಯಮ್ಮ ತೋರುಬೆರಳು ಅದ್ದಿದಳು. ಎಸಳುಗಳು ಬೆರಳಿಗೆ ಅಂಟಿ ಮೆಲ್ಲಗೆ ಎಳೆದುಕೊಂಡವು. ಅವಳು ಕೈ ಕಿತ್ತುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಇಡ್ಕತದೆ ಕಣಮ್ಮಿ. ಇದು ಊವಲ್ಲ."

"ಹೌದು, ಪ್ರಾಣಿ ಅದು. ನೋಡ್ಲಿಕ್ಕೆ ಮಾತ್ರ ಹೂವಿನ ಹಾಗೆ" ಎಂದಳು ಕೀರ್ತನ. "ನಮಗೆ ಏನೂ ಮಾಡೋದಿಲ್ಲ. ನಾವು ಅದಕ್ಕೆ ಏನೂ ಮಾಡದಿದ್ರೆ ಆಯ್ತು."

ಅವಳು ಉಡುಪಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಓದುವಾಗ ಕಡಲ ಬಂಡೆಯ ಗುಂಡಿಯಲ್ಲಿ ಸಿಕ್ಕಿದ ಇದನ್ನು ಮೂರು ವರ್ಷದಿಂದ ಗಾಜಿನ ತೊಟ್ಟಿಯಲ್ಲಿ ಸಾಕಿಕೊಂಡಿದ್ದಳು. ಹೆಣ್ಣು ನೋಡಲು ಹೋದ ದಿನ ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಹಿರಿಯರು ಬಿಟ್ಟಾಗ, ಅವಳು ಮೌನೇಶನನ್ನು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಊರಲ್ಲಿ ದಿನಕ್ಕೆ ಎಷ್ಟು ಹೊತ್ತು ಕರೆಂಟ್ ಇರ್ತದೆ?" ಮೌನೇಶ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟವನು. ಹುಡುಗಿ ತನ್ನ ಕಸುಬಿನ ವಿಚಾರ ಕೇಳುತ್ತಿದ್ದಾಳೆ ಎಂದುಕೊಂಡು ಹಳ್ಳಿ ಹಳ್ಳಿಯ ಲೆಕ್ಕ ಒಪ್ಪಿಸಿದ್ದ. ಮದುವೆ ನಿಶ್ಚಯವಾದ ಮೇಲಷ್ಟೇ ಅವನಿಗೆ ವಿಷಯ ತಿಳಿದದ್ದು.

ಮೂರಡಿ ಉದ್ದದ ಗಾಜಿನ ತೊಟ್ಟಿ ಬಂದು ಕೂತದ್ದು ಪಡಸಾಲೆಯಲ್ಲಿ, ಲಕ್ಷ್ಮಣಾಚಾರಿ ಕೆಲಸಕ್ಕೆ ಕೂರುವ ಜಾಗದ ಎದುರಿಗೆ, ಬೀದಿಯ ಕಿಟಕಿಯ ಪಕ್ಕ. ಬಿಸಿಲು ನೇರ ಬೀಳದ, ಆದರೆ ಬೆಳಕಿರುವ ಮೂಲೆ ಅದೊಂದೇ. ಕಡಲ ನೀರು ಕೀರ್ತನಳ ಅಣ್ಣ ಓಡಿಸುವ ಹೆಂಚಿನ ಲಾರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬೆಳ್ಳೂರು ಕ್ರಾಸಿನ ತನಕ ಬರುತ್ತಿತ್ತು. ಅಲ್ಲಿಂದ ಕ್ಯಾನುಗಳನ್ನು ಮನೆಗೆ ತರುವ ಕೆಲಸ ಮಾವನ ಪಾಲಿಗೆ ಬಂತು. ಬಸ್ಸಿನಲ್ಲಿ ಕಂಡಕ್ಟರು, "ಏನಾಚಾರ್ರೆ, ಕೊಬ್ರಿ ಎಣ್ಣೆಯಾ?" ಎನ್ನುವನು. "ಸಮುದ್ರದ ನೀರು" ಎಂದರೆ ನಂಬುವನಲ್ಲ. ಒಮ್ಮೆ ಬೆರಳದ್ದಿ ನೆಕ್ಕಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡ.

ಮೊದಮೊದಲು ಲಕ್ಷ್ಮಣಾಚಾರಿಗೆ ಇದೆಲ್ಲ ಸೊಸೆಯ ಹುಡುಗಾಟ ಅನ್ನಿಸಿತ್ತು. ಐವತ್ತೆಂಟು ವರ್ಷದ ಅವನಿಗೆ ಈಗ ಕೆಲಸವೂ ಕಡಿಮೆ. ಮೂಗುಬೊಟ್ಟಿನ ತಿರುಪು, ತಾಳಿಯ ಗುಂಡು ಪೋಣಿಸುವುದು, ಮುರಿದ ಓಲೆಗೆ ಬೆಸುಗೆ, ಇಷ್ಟೆ. ತಲೆ ಎತ್ತಿದಾಗಲೆಲ್ಲ ತೊಟ್ಟಿ ಕಣ್ಣಿಗೆ ಬೀಳುತ್ತಿತ್ತು. ಬೆಳಿಗ್ಗೆ ಮುದುಡಿದ್ದದ್ದು ಹತ್ತು ಗಂಟೆಗೆ ತಟ್ಟೆಯಗಲ ಅರಳುವುದು, ಚೂರು ಮೀನು ಸೋಕಿಸಿದರೆ ಎಸಳೆಲ್ಲ ಒಂದರ ಮೇಲೊಂದು ಮಡಚಿಕೊಂಡು ತುತ್ತನ್ನು ನಡುವಿನ ಬಾಯಿಗೆ ದಾಟಿಸುವುದು, ನೋಡುತ್ತ ನೋಡುತ್ತ ಬೆಸುಗೆಯ ಬೆಂಕಿ ಆರಿಹೋಗುತ್ತಿತ್ತು.

ಅವನಿಗೂ ಅದರ ಹುಚ್ಚು ಪೂರ್ತಿ ಹಿಡಿದದ್ದು ಉಪ್ಪಿನ ಹದದ ವಿಷಯದಲ್ಲಿ. ಹದ ಅಳೆಯುವ ಗಾಜಿನ ಕೊಳವೆ ಘಾಟಿಯ ಕುಲುಕಾಟಕ್ಕೆ ಒಡೆದುಹೋಗಿತ್ತು. ಕೀರ್ತನ ನಾಲಗೆಯ ತುದಿಯಲ್ಲಿ ನೀರು ರುಚಿ ನೋಡಿ ಪೇಚಾಡುತ್ತಿದ್ದಳು.

"ತೂಗಿ ನೋಡಾನ ಬುಡವ್ವ" ಎಂದ ಮಾವ.

"ನೀರನ್ನಾ?"

"ನೀರ್ನಲ್ಲ, ನೀರೊಳಗೆ. ಚಿನ್ನ ಅಸ್ಲಿಯೋ ಬೆರಕೆಯೋ ಅಂತ ನಾವು ನೀರ್ನಾಗೆ ಮುಳುಗ್ಸಿ ತೂಗಾಕಿಲ್ವ, ಅಂಗೆ."

ದಪ್ಪ ಗಾಜಿನ ಗೋಲಿಯೊಂದನ್ನು ನೂಲಿಗೆ ಕಟ್ಟಿ, ತ್ರಾಸಿನ ಒಂದು ಕಡೆಗೆ ತೂಗುಹಾಕಿ, ಅಣ್ಣನ ಲಾರಿಯಿಂದ ಆಗಷ್ಟೇ ಇಳಿದ ಕಡಲ ನೀರಿನಲ್ಲಿ ಮುಳುಗಿಸಿದ. ಇನ್ನೊಂದು ತಟ್ಟೆಗೆ ಗುಲಗಂಜಿ ಹಾಕುತ್ತ ಹೋಗಿ, ಕೊನೆಗೆ ಅಕ್ಕಿ ಕಾಳಿನಲ್ಲಿ ಸರಿದೂಗಿಸಿ, ಅಷ್ಟನ್ನೂ ಒಂದು ಡಬ್ಬಿಯಲ್ಲಿ ತೆಗೆದಿಟ್ಟ. ತೊಟ್ಟಿಯ ನೀರು ಆರಿ ಉಪ್ಪು ಗಟ್ಟಿಯಾದರೆ ಗೋಲಿ ಹಗುರಾಗಿ ಮೇಲೇಳುವುದು. ಆಗ ಬಾವಿಯ ಸಿಹಿನೀರು ಸೇರಿಸಬೇಕು. ಎರಡು ಅಕ್ಕಿ ಕಾಳಿನಷ್ಟು ವ್ಯತ್ಯಾಸವೂ ಆ ತ್ರಾಸಿಗೆ ತಪ್ಪುತ್ತಿರಲಿಲ್ಲ. ಕೀರ್ತನ ಎರಡು ಸಲ ತಾನೇ ತೂಗಿ ನೋಡಿ, "ನಮ್ಮ ಕಾಲೇಜಿನಲ್ಲೂ ಇಷ್ಟು ಚಂದದ ಅಳತೆ ಇರಲಿಲ್ಲ ಮಾವ" ಎಂದಳು. ಅಂದಿನಿಂದ ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಗೋಲಿ ತೂಗುವುದು ಅವನ ಕೆಲಸವಾಯಿತು.

ಜ್ಯೇಷ್ಠ ಮಾಸದಲ್ಲಿ ಒಂದು ದಿನ ಹೂವು ಕಲ್ಲಿನಿಂದ ಇಳಿದಿತ್ತು. ಮಾರನೆಯ ದಿನ ನಾಲ್ಕು ಬೆರಳು ಆಚೆ ಹೋಗಿತ್ತು. ಅದಕ್ಕೆ ಇರುವುದು ಒಂದೇ ಕಾಲು, ಮನಸ್ಸಾದಾಗ ನಡೆಯುತ್ತದೆ ಎಂದು ಕೀರ್ತನ ಹೇಳಿದಳು. ನಡೆಯಲಿ, ಆದರೆ ಹೊರಟಿದ್ದ ದಿಕ್ಕು ಸರಿಯಿರಲಿಲ್ಲ. ಆ ಮೂಲೆಯಲ್ಲಿ ನೀರನ್ನು ಎಳೆದು ಉಗುಳುವ ಪುಟ್ಟ ಮೋಟಾರು ಇತ್ತು.

"ಅದರ ಬಾಯಿಗೆ ಸಿಕ್ಕರೆ ಸೌತೆಕಾಯಿ ಹೆಚ್ಚಿದ ಹಾಗೆ ಆಗ್ತದೆ. ತೊಟ್ಟಿಯ ನೀರೆಲ್ಲ ಕೆಡ್ತದೆ" ಎಂದಳು ಅವಳು.

ಲಕ್ಷ್ಮಣಾಚಾರಿ ಕೆಲಸಕ್ಕೆ ಕೂತ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಸಂಜೆಗೆ ಮೋಟಾರಿನ ಬಾಯಿಗೆ ಸರಿಯಾಗಿ ಕೂರುವ ಹಿತ್ತಾಳೆಯ ಜಾಲರಿ ಸಿದ್ಧವಾಗಿತ್ತು. ಕೂದಲಿನಂಥ ತಂತಿ, ನಡುವೆ ಎಂಟು ದಳದ ಪದ್ಮ, ಅಂಚಿಗೆ ಬಳ್ಳಿ. ಕಳೆದ ಹತ್ತು ವರ್ಷದಲ್ಲಿ ಅಂಥ ಕೆಲಸ ಅವನ ಕೈಯಿಂದ ಆಗಿರಲಿಲ್ಲ.

ಕೀರ್ತನ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ತುಂಬಾ ಚಂದ ಉಂಟು ಮಾವ. ಆದರೆ ನೀರಿಗೆ ಹಾಕ್ಲಿಕ್ಕಾಗೋದಿಲ್ಲ. ಹಿತ್ತಾಳೆಯಲ್ಲಿ ತಾಮ್ರ ಉಂಟಲ್ಲ. ತಾಮ್ರ ಅಂದ್ರೆ ಇದಕ್ಕೆ ವಿಷ. ಚೂರೇ ಚೂರು ಕರಗಿದ್ರೂ ಸಾಕು."

"ಬೆಳ್ಳಿ?"

"ಅದೂ ಬೇಡ."

"ಚಿನ್ನ?"

ಅವಳು ಯೋಚಿಸಿದಳು. "ಚಿನ್ನ ಏನೂ ಮಾಡ್ಲಿಕ್ಕಿಲ್ಲ."

"ಒಡವೆ ಚಿನ್ನದಾಗೂ ತಾಮ್ರ ಬೆರೆಸಿರ್ತೀವಿ ಕಣವ್ವ" ಎಂದ ಲಕ್ಷ್ಮಣಾಚಾರಿ. ಇಬ್ಬರಿಗೂ ನಗು ಬಂತು. ಅವನು ಪಡಸಾಲೆಯ ಸುತ್ತ ಕಣ್ಣಾಡಿಸಿದ. ಅಪ್ಪನದು ತಾಮ್ರ ಬೆರೆಸುವ ಕಸುಬು, ಮಗನದು ತಾಮ್ರದ ತಂತಿ ಸುತ್ತುವ ಕಸುಬು. ಈ ಜೀವ ಹುಡುಕಿಕೊಂಡು ಬಂದು ಸೇರಿದ ಮನೆ ಎಂಥದು ಅನ್ನಿಸಿತು.

ಕೊನೆಗೆ ಮೋಟಾರಿನ ಬಾಯಿಗೆ ಕೂತದ್ದು ಪ್ಲಾಸ್ಟಿಕ್ಕಿನ ಟೀ ಜರಡಿ ಮತ್ತು ಸೊಳ್ಳೆ ಪರದೆಯ ಒಂದು ತುಂಡು. ಜಾಲರಿಯನ್ನು ಕೀರ್ತನ ತನ್ನ ಬಳೆ ಪೆಟ್ಟಿಗೆಯ ಮೇಲೆ ಇಟ್ಟುಕೊಂಡಳು. ಲಕ್ಷ್ಮಣಾಚಾರಿ ಬೆರಳಲ್ಲಿದ್ದ ತಾಮ್ರದ ಉಂಗುರ ತೆಗೆದು ಗೂಡಿಗೆ ಹಾಕಿದ. ತೊಟ್ಟಿಗೆ ಕೈ ಹಾಕುವ ಮೊದಲು ಮೊಣಕೈವರೆಗೂ ತೊಳೆಯತೊಡಗಿದ. ದೊಡ್ಡತಾಯಮ್ಮ ಒಳಗಿನಿಂದ, "ಉಣ್ಣಾಕ್ ಕೂರುವಾಗ ಕೈ ತೊಳೀರಿ ಅಂದ್ರೆ ಪಂಚೆಗೆ ಒರೆಸ್ಕಳೋರು, ಈಗ ನೋಡು" ಎಂದಳು. ಯಾಕೆ ತೊಳೆಯುತ್ತಾನೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆಷಾಢ ಬಂತು. ಹೊಸ ಸೊಸೆ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂಬುದು ದೊಡ್ಡತಾಯಮ್ಮನ ಅತ್ತೆಯ ಕಾಲದಿಂದಲೂ ಈ ಮನೆಯಲ್ಲಿ ನಡೆದುಬಂದದ್ದು. "ನಮ್ಮಲ್ಲೂ ಆಟಿ ತಿಂಗಳು ಅಂತ ತವರಿಗೆ ಕರೀತಾರೆ, ಗೊತ್ತು" ಎಂದು ಕೀರ್ತನ ಚೀಲ ಕಟ್ಟಿದಳು. ಹೊರಡುವಾಗ ಗಂಡನಿಗೆ ಎರಡು ಮಾತು ಹೇಳಿದಳು, ಮಾವನಿಗೆ ಅರ್ಧ ಗಂಟೆ ಹೇಳಿದಳು. ವಾರಕ್ಕೆರಡು ಸಲ ಉಗುರಿನಷ್ಟು ಮೀನು, ಅದಕ್ಕಿಂತ ಹೆಚ್ಚು ಬೇಡ. ತಿನ್ನದೆ ಬಿಟ್ಟದ್ದನ್ನು ತೆಗೆದುಬಿಡಬೇಕು. ತೊಟ್ಟಿಯ ಮೇಲಿನ ಟ್ಯೂಬ್‌ಲೈಟು ಸಂಜೆ ಆರಕ್ಕೆ ಆರಿಸಬೇಕು. ಅದು ಎಲ್ಲಾದರೂ ಅಂಟಿಕೊಂಡಿದ್ದರೆ ಕಿತ್ತು ಎಬ್ಬಿಸಬಾರದು, ಕಾಲು ಹರಿದರೆ ಬದುಕೋದು ಕಷ್ಟ.

"ಅಂಗೇ ಒಪ್ಪಿಸ್ತೀನಿ ಕಣವ್ವ, ನೀ ಬರೋಗಂಟ" ಎಂದ ಲಕ್ಷ್ಮಣಾಚಾರಿ.

ಒಪ್ಪಿಕೊಂಡದ್ದು ಸುಲಭದ ಕೆಲಸವಾಗಿರಲಿಲ್ಲ. ಮೀನು ಮಾರುವ ದಾಸಯ್ಯನ ಹತ್ತಿರ ಹೋಗಿ ಉಗುರಿನಷ್ಟು ಮೀನು ಕೇಳಿದರೆ, ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿ, "ಕಾಲು ಕೆ.ಜಿ. ತಕಳಿ ಆಚಾರ್ರೆ, ನಾ ಯಾರ್ಗೂ ಯೋಳಾಕಿಲ್ಲ" ಎಂದ. ಮೀನು ಮಾಂಸ ಒಲೆ ಹತ್ತದ ಮನೆಯವನು ಮುಖ ಕೆಂಪಗೆ ಮಾಡಿಕೊಂಡು ಬಂದ. ಕರೆಂಟು ಹೋದಾಗ ತೊಟ್ಟಿಗೆ ಗಾಳಿ ಊದುವ ಯಂತ್ರ ನಿಲ್ಲುತ್ತಿತ್ತು. ಮೌನೇಶ ಲಾರಿಯ ಹಳೆ ಟ್ಯೂಬಿಗೆ ಗಾಳಿ ತುಂಬಿ, ಅದರ ಬಾಯಿಗೆ ಸಣ್ಣ ರಬ್ಬರು ಕೊಳವೆ ಸಿಕ್ಕಿಸಿ, ಗಾಳಿ ತೊಟ್ಟಿಯಲ್ಲಿ ಗುಳುಗುಳು ಬರುವಂತೆ ಮಾಡಿಕೊಟ್ಟ. ಎರಡು ಗಂಟೆ ಅದು ಸಾಲುತ್ತಿತ್ತು. ಆಷಾಢದ ಗಾಳಿ ಹಿತ್ತಲಿನ ಬಟ್ಟೆಯನ್ನೆಲ್ಲ ಹಾರಿಸಿಕೊಂಡು ಹೋಗುತ್ತಿದ್ದ ದಿನಗಳು. ಆದರೂ ಗೋಲಿಯ ತೂಕ ದಿನಾ ಸರಿಯಾಗೇ ಇತ್ತು. ನೀರು ಸೇರಿಸುವ ಕೆಲಸವೇ ಬೀಳುತ್ತಿರಲಿಲ್ಲ. ತನ್ನ ಕೈಗುಣ ಚೆನ್ನಾಗಿದೆ ಎಂದು ಲಕ್ಷ್ಮಣಾಚಾರಿ ಹಿಗ್ಗಿದ.

ಎರಡನೆಯ ವಾರದ ಸೋಮವಾರ ಬೆಳಿಗ್ಗೆ ನೋಡಿದರೆ ಹೂವು ಅರಳಲಿಲ್ಲ. ಹನ್ನೊಂದಾದರೂ ಅರಳಲಿಲ್ಲ. ಬಟ್ಟೆ ಗಂಟಿನ ಹಾಗೆ ಸುರುಟಿಕೊಂಡು, ನಡುವಿನ ಬಾಯಿ ಮಾತ್ರ ಸಡಿಲವಾಗಿ ತೆರೆದುಕೊಂಡಿತ್ತು. ಬಣ್ಣ ಬೂದಿ ಬಡಿದಂತಾಗಿತ್ತು. ಮೀನಿನ ಚೂರು ಸೋಕಿಸಿದ, ಒಂದು ಎಸಳೂ ಅಲುಗಲಿಲ್ಲ. ಗೋಲಿ ತೂಗಿದ, ಸರಿಯಿತ್ತು. ಜರಡಿ ನೋಡಿದ, ಭದ್ರವಾಗಿತ್ತು. ಮತ್ತೆ ತೂಗಿದ. ಕೊನೆಗೆ ತ್ರಾಸನ್ನು ಕೆಳಗಿಟ್ಟು ತೊಟ್ಟಿಯ ಮುಂದೆ ಕೂತುಬಿಟ್ಟ.

"ಸೊಸೆಗೆ ಫೋನ್ ಮಾಡ್ರಿ, ಸುಮ್ನೆ ಕೂತ್ರೆ ಆದದಾ" ಎಂದು ದೊಡ್ಡತಾಯಮ್ಮ ಸೆರಗು ಹೊದ್ದು ತಾನೂ ಹೊರಟಳು.

ಬಸ್‌ಸ್ಟಾಂಡಿನ ಎದುರಿನ ಎಸ್‌ಟಿಡಿ ಬೂತಿನಿಂದ ಮಲ್ಪೆಯ ಪಕ್ಕದ ಮನೆಗೆ ಫೋನು ಮಾಡಿ, ಕರೆಸಿ, ಮತ್ತೆ ಮಾಡಿದ ಮೇಲೆ ಕೀರ್ತನ ಸಿಕ್ಕಿದಳು. ಲಕ್ಷ್ಮಣಾಚಾರಿ ಇದ್ದದ್ದನ್ನೆಲ್ಲ ಹೇಳಿದ. ಅವಳು ಸಮಾಧಾನದಿಂದ ಕೇಳಿಕೊಂಡು, "ಮಾವ, ಮೇಲಿಂದ ಸೇರಿಸಿದ ಸಿಹಿನೀರು ಯಾವುದು?" ಎಂದಳು.

"ಈ ಎಲ್ಡು ವಾರ ನಾ ಸೇರ್ಸೇ ಇಲ್ಲ ಕಣವ್ವ. ನೀರು ಇಳೀಲೇ ಇಲ್ಲ."

"ಇಳೀಲಿಲ್ವಾ? ಈ ಗಾಳಿಗೆ?"

ಆ ಮಾತು ಕೇಳಿದ ಮೇಲಷ್ಟೇ ಅವನಿಗೆ ಹೊಳೆಯಿತು. ಹಿತ್ತಲಲ್ಲಿ ಒದ್ದೆ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುವಾಗ ತೊಟ್ಟಿಯ ನೀರು ಮಾತ್ರ ಹೇಗೆ ಆರದೆ ಉಳಿಯಿತು? ಅವನು ತಲೆಯೆತ್ತಿದ. ಬೂತಿನ ಗಾಜಿನ ಬಾಗಿಲಿಗೆ ಒರಗಿ ನಿಂತಿದ್ದ ದೊಡ್ಡತಾಯಮ್ಮ ಕಿವಿಗೊಟ್ಟು ಕೇಳುತ್ತಿದ್ದಳು.

"ನಾನು ನೀರುಯ್ತಿದ್ದೆ" ಎಂದಳು ಮೆಲ್ಲಗೆ. "ನೀವು ತೂಗೋಕ್ ಮುಂಚೆ. ದಿನಾ ಒಂದು ಚೊಂಬು."

"ಯಾವ ನೀರಮ್ಮಿ?"

"ತಾಮ್ರದಂಡೇದು. ದೇವ್ರಿಗೆ ಮಡಗೋ ನೀರು. ಮನೇನಾಗೆ ಅದುಕ್ಕಿಂತ ಒಳ್ಳೆ ನೀರು ಯಾವ್ದದೆ? ಸೊಸೆ ಬಂದಾಗ ಅತ್ತೇನೂವೆ ನೋಡ್ಕಂಡ್ಳು ಅನ್ಲಿ ಅಂತ…"

ಲಕ್ಷ್ಮಣಾಚಾರಿಗೆ ಕೋಪ ಬರಲಿಲ್ಲ. ಬಂದದ್ದು ನಾಚಿಕೆ. ತಾಮ್ರದ ವಿಷಯ ಅವನಿಗೆ ಗೊತ್ತಿತ್ತು, ಮೌನೇಶನಿಗೆ ಗೊತ್ತಿತ್ತು, ಬಸ್ಸಿನ ಕಂಡಕ್ಟರಿಗೂ ಹೇಳಿದ್ದ. ದಿನಾ ತೊಟ್ಟಿಯ ಮುಂದೆ ಓಡಾಡುವ ಹೆಂಡತಿಗೆ ಒಬ್ಬರೂ ಹೇಳಿರಲಿಲ್ಲ. ಅವಳಿಗೆ ಅದರ ಮೇಲೆ ಆಸೆ ಇರಬಹುದೆಂದು ಯಾರಿಗೂ ಅನ್ನಿಸಿಯೇ ಇರಲಿಲ್ಲ.

"ನಿಮ್ಮತ್ತೆ ತಾಮ್ರದಂಡೆ ನೀರು ಉಯ್ದವ್ಳಂತೆ ಕಣವ್ವ. ಅವ್ಳದೇನಿಲ್ಲ, ನಾನೇ ಯೋಳಿರ್ಲಿಲ್ಲ" ಎಂದ ಫೋನಿಗೆ.

"ಅತ್ತೆಗೆ ಕೊಡಿ" ಎಂದಳು ಕೀರ್ತನ.

ದೊಡ್ಡತಾಯಮ್ಮ ಫೋನು ಕಿವಿಗೊತ್ತಿಕೊಂಡು "ಊಂ… ಊಂ…" ಎಂದಷ್ಟೇ ಎನ್ನುತ್ತ ನಿಂತಳು. ಕಣ್ಣು ಒರೆಸಿಕೊಂಡಳು. ಕೊನೆಗೆ ಒಮ್ಮೆ ನಕ್ಕಳು. ಹೊರಗೆ ಬಂದಾಗ ಗಂಡ ಏನೆಂದಳೆಂದು ಕೇಳಿದ.

"ತಪ್ಪು ಅವಳ್ದೇ ಅಂತೆ. ನಂಗೆ ಯೋಳ್ಕೊಡ್ದೆ ಓಗ್ಬುಟ್ಳಂತೆ. ಮನೇಲಿ ಉಳ್ದಿರೋ ಒಂದು ಕ್ಯಾನು ಸಮುದ್ರದ ನೀರು ಪ್ಲಾಸ್ಟಿಕ್ ಬಕೀಟ್ಗೆ ಉಯ್ದು, ಕಲ್ಲು ಸಮೇತ ಎತ್ತಿ ಅದ್ರಾಗೆ ಮಡಗ್ಬೇಕಂತೆ. ಬೆಳಿಗ್ಗೆ ಆರು ಗಂಟ್ಗೆ ಲಾರಿ ಬತ್ತದಂತೆ. ನಡೀರಿ, ನಿಂತ್ಕಬ್ಯಾಡಿ."

ಪುಣ್ಯಕ್ಕೆ ಹೂವು ಮತ್ತೆ ಕಲ್ಲೇರಿ ಕೂತಿತ್ತು. ಲಕ್ಷ್ಮಣಾಚಾರಿ ಕಲ್ಲನ್ನು ಎರಡೂ ಅಂಗೈಯಲ್ಲಿ ಎತ್ತಿದ, ದೊಡ್ಡತಾಯಮ್ಮ ಬಕೆಟ್ಟು ಹಿಡಿದಳು. ಮೌನೇಶ ಟ್ಯೂಬಿನ ಗಾಳಿ ಬಿಟ್ಟ.

ಮರುದಿನ ಜವರಯ್ಯನ ಲಗೇಜ್ ಆಟೋ ಮಾಡಿಕೊಂಡು ಲಕ್ಷ್ಮಣಾಚಾರಿ ಬೆಳ್ಳೂರು ಕ್ರಾಸ್ ಸೇರುವಾಗ ಮೂಡಲು ಬೆಳ್ಳಗಾಗಿತ್ತು. ಹೆಂಚಿನ ಲಾರಿ ಬಂದು ನಿಂತಿತು. ಬಾಗಿಲು ತೆರೆದು ಮೊದಲು ಇಳಿದದ್ದು ಕ್ಯಾನಲ್ಲ, ಕೀರ್ತನ.

"ಆಷಾಢ ಕಣವ್ವ" ಎಂದ ಮಾವ ಗಾಬರಿಯಿಂದ.

"ಗೊತ್ತು ಮಾವ. ನಾನು ಒಳಗೆ ಬರೋದಿಲ್ಲ. ಬೀದಿಯಲ್ಲೇ ನಿಂತು ಕಿಟಕಿಯಿಂದ ಹೇಳ್ತೇನೆ. ನೀವು ಮಾಡಿ. ಆದ ಮೇಲೆ ಬಸ್ಸು ಹತ್ತಿ ಹೋಗ್ತೇನೆ."

ಹಾಗೆಯೇ ಆಯಿತು. ಹತ್ತು ಕ್ಯಾನು ಒಳಗೆ ಹೋದವು, ಸೊಸೆ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಳು. ಹಳೆಯ ನೀರೆಲ್ಲ ಚೆಲ್ಲಿಸಿದಳು. ಮರಳನ್ನು, ಕಲ್ಲುಗಳನ್ನು ಮೂರು ಮೂರು ಸಲ ತೊಳೆಸಿದಳು. ಲಕ್ಷ್ಮಣಾಚಾರಿ ಹೊಸ ನೀರು ತೂಗಿ, "ಎಲ್ಡು ಕಾಳು ತೆಳು ಅದೆ ಕಣವ್ವ" ಎಂದಾಗ, "ಮಳೆಗಾಲದ ಕಡಲು ಮಾವ, ಹೊಳೆ ನೀರು ಸೇರಿರ್ತದೆ. ನಾಲ್ಕು ದಿನ ಸಿಹಿನೀರು ಹಾಕದಿದ್ರೆ ಸರಿಹೋಗ್ತದೆ" ಎಂದಳು. ಬೀದಿಯಲ್ಲಿ ಜನ ಸೇರಿದರು. ಮಾಯಮ್ಮ ಕೂರಲು ಮಣೆ ತಂದುಕೊಟ್ಟಳು, ಇನ್ನೊಬ್ಬರು ಕಾಫಿ ಕೊಟ್ಟರು. ಕೀರ್ತನ ಕಾಫಿ ಕುಡಿಯುತ್ತಲೇ ಕೇಳಿದಳು: "ತೆಂಗಿನ ಕರಟದ ಇದ್ದಿಲು ಉಂಟಾ ಮಾವ? ಇನ್ನೂ ಉಳಿದ ತಾಮ್ರ ಇದ್ರೆ ಅದು ಸ್ವಲ್ಪ ಹೀರಿಕೊಳ್ತದೆ."

ಅಕ್ಕಸಾಲಿಯ ಮನೆಯಲ್ಲಿ ಇದ್ದಿಲು ಕೇಳಬೇಕೆ? ಅವನ ಅಗ್ಗಿಷ್ಟಿಕೆಯ ಪಕ್ಕ ಅರ್ಧ ಮೂಟೆ ಬಿದ್ದಿತ್ತು. ಇಷ್ಟು ದಿನ ತನ್ನ ಕಸುಬಿನ ಒಂದೊಂದು ವಸ್ತುವನ್ನೂ ತೊಟ್ಟಿಯಿಂದ ದೂರ ಇಟ್ಟವನು, ಈಗ ತೆಳು ಬಟ್ಟೆಯಲ್ಲಿ ಇದ್ದಿಲು ಕಟ್ಟಿ ತನ್ನ ಕೈಯಾರೆ ನೀರಿಗೆ ಬಿಟ್ಟ.

ಅಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಕೀರ್ತನ ಸೆರಗು ತಲೆಗೆಳೆದುಕೊಂಡು ಕಿಟಕಿ ಬಿಡದೆ ನಿಂತಿದ್ದಳು. ಒಳಗೆ ದೊಡ್ಡತಾಯಮ್ಮ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಬಾಗಿಲಿಂದ ಬಂದಳು, ಕಂಕುಳಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಕೊಡೆ. ಕೊಡೆಯನ್ನು ಬಿಚ್ಚಿ ಸೊಸೆಯ ತಲೆಗೆ ಹಿಡಿದಳು.

"ಎಲ್ಲಿಗ್ ಒಂಟೆ?" ಎಂದ ಲಕ್ಷ್ಮಣಾಚಾರಿ ಕಿಟಕಿಯಿಂದ.

"ಬೂಕನಕೆರೆಗೆ. ಅತ್ತೆ ಸೊಸೆ ಒಂದೊಸ್ಲು ದಾಟ್ಬಾರ್ದು ಅಂತ ತಾನೆ ಇರಾದು? ಸೊಸೇನೇ ತವರ್ಗೆ ಓಗ್ಬೇಕು ಅಂತ ಎಲ್ಲದೆ? ನಾನೊಯ್ತೀನಿ ನನ್ ತವರ್ಗೆ. ನಾ ಆಚೆ ಬಂದಾಯ್ತು, ನೀ ಒಳಿಕ್ ಓಗವ್ವ. ಅದುಕ್ಕೆ ನಿನ್ ಕಣ್ಣು ಬೇಕು."

"ಅತ್ತೆ, ನಾನು…"

"ಮದ್ವೆಯಾಗಿ ಮೂವತ್ತೆಲ್ಡು ವರ್ಸ ಆಯ್ತು. ಮೊದ್ಲನೇ ವರ್ಸ ಬುಟ್ರೆ ಆಸಾಡ ಅಂತ ತವರ್ನಾಗೆ ಒಂದಿನಾ ಕೂತಿಲ್ಲ. ತಡೀಬ್ಯಾಡ." ಆಮೇಲೆ ಮಗನ ಕಡೆ ತಿರುಗಿ, "ನೀನು ಮಾತ್ರ ಆಸಾಡ ಕಳೆಯೋಗಂಟ ಅಂಗ್ಡೀಲೇ ಮಲೀಕಳ್ಲಾ" ಎಂದಳು. ಬೀದಿಯವರೆಲ್ಲ ನಕ್ಕರು. ಮೌನೇಶ ಹಾಸಿಗೆ ಸುತ್ತಿಕೊಂಡು ಅಂಗಡಿಗೆ ಹೋದ.

ಕೆ.ಆರ್. ಪೇಟೆಯ ಬಸ್ಸು ಹತ್ತಿಸಿ ಬರುವಾಗ ಲಕ್ಷ್ಮಣಾಚಾರಿಗೆ ಮನೆ ಖಾಲಿಯಾದಂತೆ ಅನ್ನಿಸಿತು. ಆದರೆ ಬೇಸರ ಪಡಲು ಬಿಡುವಿರಲಿಲ್ಲ. ಮೊದಲ ಮೂರು ದಿನ ಹೂವಿನ ಬಾಯಿ ಸಡಿಲವಾಗಿಯೇ ಇತ್ತು. ನಾಲ್ಕನೆಯ ದಿನ ಮುಚ್ಚಿಕೊಂಡಿತು, ಅದು ಒಳ್ಳೆಯ ಗುರುತು ಎಂದಳು ಕೀರ್ತನ. ಆರನೆಯ ದಿನ ಎಸಳಿನ ತುದಿಗಳು ಕಾಣಿಸಿಕೊಂಡವು. ಒಂಬತ್ತನೆಯ ದಿನ ಮಾವ ಸೊಸೆ ಇಬ್ಬರೂ ನೋಡುತ್ತಿರುವಂತೆ, ಸೋಕಿಸಿದ ಮೀನಿನ ಚೂರಿನ ಮೇಲೆ ಒಂದು ಎಸಳು ಬಾಗಿತು, ಪಕ್ಕದ್ದು ಬಾಗಿತು, ಮೆಲ್ಲಗೆ ಅಷ್ಟೂ ಮಡಚಿಕೊಂಡವು. ಲಕ್ಷ್ಮಣಾಚಾರಿ ಎದ್ದು ಹೋಗಿ ಅಂಗಡಿಯಿಂದ ಮಗನನ್ನು ಕರೆತಂದು ತೋರಿಸಿದ.

ಶ್ರಾವಣದ ಮೊದಲ ದಿನ ಹೆಂಡತಿಯನ್ನು ಕರೆತರಲು ಅವನೇ ಬೂಕನಕೆರೆಗೆ ಹೋದ. ಅವಳ ಅಣ್ಣ ಶಿವಣ್ಣ ಬಡಗಿ. ಜಗಲಿಯ ತುಂಬ ಕೆತ್ತಿದ ಬಾಗಿಲುಗಳು ಒರಗಿದ್ದವು. ಅವುಗಳ ನಡುವೆ ಸುಣ್ಣದ ಗೆರೆ ಎಳೆದು ನಾಲ್ಕು ಜನ ಹೆಂಗಸರು ಚೌಕಾಬಾರ ಆಡುತ್ತಿದ್ದರು. ದೊಡ್ಡತಾಯಮ್ಮ ಕವಡೆ ಕುಲುಕುತ್ತ ಗಂಡನನ್ನು ನೋಡಿದಳು. ಮುಖ ತುಂಬಿಕೊಂಡಿತ್ತು, ಮುಡಿಯಲ್ಲಿ ಕನಕಾಂಬರವಿತ್ತು.

"ಅರಳ್ತಾ?" ಎಂದಳು ಮೊದಲ ಮಾತಿಗೆ.

"ತಟ್ಟೆಯಷ್ಟಗ್ಲ. ಮೂರು ಸಲ ತಿಂತು. ನಡಿ, ನಿನ್ ಸೊಸೆ ಕಾಯ್ತಾವ್ಳೆ, ಅದ್ರ ಕೆಲ್ಸ ಅಷ್ಟೂವೆ ಅತ್ತೇಗೆ ಕಲ್ಸಿಕೊಡ್ತೀನಿ ಅಂತ."

ಅವಳು ಕವಡೆ ಹಾಕಿದಳು. ಚೌಕ ಬಿತ್ತು. "ಸೋಮವಾರ ಬತ್ತೀನಿ. ನಮ್ಮತ್ತಿಗೆ ನಾಳೀಕೆ ಒಬ್ಬಟ್ಟು ಮಾಡ್ತಾವ್ಳೆ. ನೀವೂ ಇರಿ."

ಮೂವತ್ತೆರಡು ವರ್ಷದಲ್ಲಿ ಮಾವನ ಮನೆಯಲ್ಲಿ ಲಕ್ಷ್ಮಣಾಚಾರಿ ಒಂದು ರಾತ್ರಿಗಿಂತ ಹೆಚ್ಚು ತಂಗಿದವನಲ್ಲ. ಕೆಲಸ ಇದೆ ಎನ್ನಲು ಬಾಯಿ ತೆರೆದ. ಶಿವಣ್ಣ ಆಗಲೇ ಚಾಪೆ ತಂದು ಹಾಸಿದ್ದ. ಆಟದಲ್ಲಿ ಒಬ್ಬಾಕೆ ಹಾಲು ಕರೆಯಲೆಂದು ಎದ್ದು ಹೋದಳು, ಅವಳ ಕಾಯಿಗಳನ್ನು ಇವನ ಕೈಗೆ ಕೊಟ್ಟರು. ಅವನು ಪಂಚೆ ಮಡಚಿ ಕೂತು ಎರಡು ಮನೆ ನಡೆಸಿದನೋ ಇಲ್ಲವೋ, ದೊಡ್ಡತಾಯಮ್ಮ ಅವನ ಕಾಯಿಯನ್ನು ಹೊಡೆದು ಹಾಕಿದಳು. ಇನ್ನೊಂದಾಟ ಎಂದ. ಆ ಆಟ ಮುಗಿಯುವಷ್ಟರಲ್ಲಿ ಕೆ.ಆರ್. ಪೇಟೆಯ ಬಸ್ಸು ಊರ ಮುಂದೆ ನಿಂತು, ಎರಡು ಸಲ ಹಾರ್ನು ಮಾಡಿ, ಹೊರಟುಹೋಯಿತು.